ಹೆಣ್ಣುಮಕ್ಕಳ ಆರೋಗ್ಯವೂ ಮುಂದಿನ ಪೀಳಿಗೆಯೂ

ಮಗುವಿನ ಆರೋಗ್ಯವು ಅದು ಹುಟ್ಟಿದಂದಿನಿಂದ ಮೊದಲಾಗುವುದೆಂದು ನಾವು ಸಾಮಾನ್ಯವಾಗಿ ಭಾವಿಸುವೆವು. ಆದರೆ ಅದರ ಬುನಾದಿಯು ತಾಯಿಯ ಗರ್ಭದಲ್ಲಿಯೇ ಬೀಳುವುದೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಸಾಕ್ಷ್ಯವು ದೊರೆತಿರುವುದು. ಬಿಳಿಗೆರೆಯ ಸುತ್ತಣ ತಾಯಿತಂದೆಗಳೂ ಈ ಶಾಲೆಯಲ್ಲಿ ಓದಿ ಈಗ ಗೃಹಿಣಿಯರಾಗಿರುವ ಸೋದರಿಯರೂ ಇದನ್ನರಿಯುವುದು ಹಿತಕರವು.

ಮೈಸೂರಿನಲ್ಲಿ ಜನರು ಮಿಷನ್ ಆಸ್ಪತ್ರೆಯೆಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, 1934ರಿಂದ ಪ್ರತಿಯೊಂದು ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡುವ ಪದ್ಧತಿಯಿದ್ದಿತು. ಅನೇಕ ವರ್ಷಗಳ ತರುವಾಯ ಸಂಶೋಧಕರು ಹಾಗೆ ಜನಿಸಿದವರಲ್ಲಿ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲವಿದು: ಹುಟ್ಟುವಾಗ 2.5 ಕಿಲೋಗ್ರಾಂ ಅಥವಾ ಅದಕ್ಕೂ ಕಡಮೆ ತೂಗಿದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿದ್ದಿತು, 3.1 ಕಿಲೋಗ್ರಾಂ ಅಥವಾ ಹೆಚ್ಚು ತೂಗಿದ್ದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ. ಗರ್ಭದಲ್ಲಿ ಪೋಷಣೆ ಸಾಲದಾದಾಗ ಶಿಶುವಿನ ದೇಹವು ಮಿದುಳನ್ನು ಮೊದಲು ಕಾಪಾಡಿಕೊಂಡು ಇತರ ಅಂಗಗಳ ಬೆಳವಣಿಗೆಯನ್ನು ಕುಗ್ಗಿಸುವುದೆಂದು ವಿದ್ವಾಂಸರು ವಿವರಿಸುತ್ತಾರೆ.

1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ 830 ಗರ್ಭಿಣಿಯರ ರಕ್ತದ ಸಕ್ಕರೆಯನ್ನು ಪರೀಕ್ಷಿಸಿ, ಅವರ ಮಕ್ಕಳ ಬೆಳವಣಿಗೆಯನ್ನು ವರ್ಷ ವರ್ಷವೂ ಗಮನಿಸಲಾಯಿತು. ಗರ್ಭಕಾಲದಲ್ಲಿ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಕೊಬ್ಬೂ ಇನ್ಸುಲಿನ್ನೂ ಅಧಿಕವಾಗಿ ಕಂಡುಬಂದವು. ಗರ್ಭಿಣಿಯಾಗಿದ್ದಾಗ ತಾಯಿಯ ರಕ್ತದಲ್ಲಿ ಫೋಲೇಟ್ ಎಂಬ ಜೀವಸತ್ತ್ವವು ಹೆಚ್ಚಾಗಿದ್ದ ಮಕ್ಕಳು, ಒಂಬತ್ತು ಹತ್ತರ ವಯಸ್ಸಿನಲ್ಲಿ ಬುದ್ಧಿಪರೀಕ್ಷೆಗಳಲ್ಲಿ ಮುಂದಾಗಿದ್ದರು. ಈ ಸತ್ತ್ವವು ನಮ್ಮ ಹಿತ್ತಲಿನ ಸೊಪ್ಪಿನಲ್ಲಿಯೂ ಹೊಲದ ಕಾಳುಗಳಲ್ಲಿಯೂ ಉಂಟು.

ಹಾಗೆಂದು ತೂಕವೇ ವಿಧಿಯೆಂದು ತಿಳಿಯಬಾರದು. ತರುವಾಯದ ಆಹಾರ, ವ್ಯಾಯಾಮಗಳಿಗೂ ಬಲವುಂಟು. ತಾಯಿಯನ್ನೇ ದೂಷಿಸುವುದೂ ನ್ಯಾಯವಲ್ಲ. ಏಕೆಂದರೆ ಅವಳ ದೇಹಸ್ಥಿತಿಯನ್ನು ರೂಪಿಸುವುದು ಬಡತನ, ಮನೆಯ ಪದ್ಧತಿ, ವಿವಾಹದ ವಯಸ್ಸು ಮೊದಲಾದುವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದ್ದಿತು. ಎಲ್ಲರೂ ಉಂಡ ಮೇಲೆ ಮಗಳು ಉಣ್ಣುವ ಮನೆಗಳಲ್ಲಿ ಇದು ಆಶ್ಚರ್ಯವೇ? 2006ರ ಕಾನೂನು ಹದಿನೆಂಟಕ್ಕೆ ಮುನ್ನ ಹುಡುಗಿಯ ಮದುವೆಯನ್ನು ನಿಷೇಧಿಸಿರುವುದಕ್ಕೆ ವೈದ್ಯಶಾಸ್ತ್ರದ ಸಮ್ಮತಿಯೂ ಇದೆ: ತಾನೇ ಇನ್ನೂ ಬೆಳೆಯುತ್ತಿರುವ ಶರೀರವು ಮತ್ತೊಂದನ್ನು ಪೋಷಿಸಲು ಶಕ್ತವಲ್ಲ.

ಆದುದರಿಂದ ಮಗನಿಗೆ ಬಡಿಸಿದಷ್ಟನ್ನೇ ಮಗಳಿಗೂ ಬಡಿಸಿರಿ. ಅವಳ ಓದನ್ನು ನಡುವೆ ನಿಲ್ಲಿಸದಿರಿ. ಇಂದು ಅವಳು ಉಣ್ಣುವ ತುತ್ತು ನೀವು ಇನ್ನೂ ಕಾಣದ ಮೊಮ್ಮಕ್ಕಳಿಗೂ ಸಲ್ಲುವುದು.