ಮತ, ನಾಯಕತ್ವ ಮತ್ತು ದೇಶದ ಭದ್ರತೆ: ಭ್ರಮೆ ಕಳೆದ ಮತದಾರನೊಬ್ಬನ ಟಿಪ್ಪಣಿ

2019ರ ಏಪ್ರಿಲ್ 18ರಂದು ಲೋಕಸಭೆಗೆ ಮತ ಹಾಕಲೆಂದೇ ನಾನು ಮಸ್ಕತ್‌ನಿಂದ ಕೊಡಗಿಗೆ ಹೋಗಿದ್ದೆ. ಕಣ್ಣೂರಿನಲ್ಲಿ ವಿಮಾನ ಇಳಿದು ಮಾಕುಟ್ಟದ ಘಾಟಿ ಹತ್ತುವಾಗ, ಹಿಂದಿನ ಆಗಸ್ಟಿನ ಭೂಕುಸಿತದ ಗಾಯಗಳು ಗುಡ್ಡಗಳ ಮೇಲೆ ಇನ್ನೂ ಕೆಂಪಗೆ ಕಾಣುತ್ತಿದ್ದವು. ಮನೆ ಕಳೆದುಕೊಂಡವರಲ್ಲಿ ಹಲವರಿಗೆ ಇನ್ನೂ ಸೂರು ಸಿಕ್ಕಿರಲಿಲ್ಲ. ಆದರೆ ಊರಿನ ಚುನಾವಣಾ ಮಾತುಗಳಲ್ಲಿ ಗುಡ್ಡವಿರಲಿಲ್ಲ, ಗಡಿಯಿತ್ತು. ಎರಡು ತಿಂಗಳ ಹಿಂದೆ, ಫೆಬ್ರುವರಿ 14ರಂದು, ಪುಲ್ವಾಮಾದಲ್ಲಿ 40 ಮಂದಿ ಸಿಆರ್‌ಪಿಎಫ್ ಯೋಧರು ಸತ್ತಿದ್ದರು. ಅವರಲ್ಲೊಬ್ಬರು ಮಂಡ್ಯ ಜಿಲ್ಲೆಯ ಗುಡಿಗೆರೆಯವರು.

ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾದ ನನ್ನ ಚಿಕ್ಕಪ್ಪ ಮತಗಟ್ಟೆಗೆ ನನ್ನ ಜೊತೆ ಬಂದರು. ದಾರಿಯ ಒಂದು ಬ್ಯಾನರಿನಲ್ಲಿ ಅಭ್ಯರ್ಥಿಯ ಪಕ್ಕದಲ್ಲೇ ಸಮವಸ್ತ್ರದ ಯೋಧನೊಬ್ಬನ ಚಿತ್ರವಿತ್ತು. ರಕ್ಷಣಾ ಸಿಬ್ಬಂದಿಯ ಚಿತ್ರಗಳನ್ನು ಪ್ರಚಾರಕ್ಕೆ ಬಳಸಬಾರದೆಂದು ಚುನಾವಣಾ ಆಯೋಗ ಮಾರ್ಚಿಯಲ್ಲೇ ಪಕ್ಷಗಳಿಗೆ ತಿಳಿಸಿತ್ತು. ಚಿಕ್ಕಪ್ಪನಿಗೆ ಆ ಸೂಚನೆಯ ಸುದ್ದಿ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ನೋಡಿ, "ಅವನನ್ನು ಒಂದು ಮಾತು ಕೇಳಿದ್ದಾರಾ?" ಎಂದರು. ನಾನು ಉತ್ತರಿಸಲಿಲ್ಲ. ಆ ಹೊತ್ತಿಗೆ ಯಾರಿಗೆ ಮತ ಹಾಕಬೇಕೆಂದು ಮನಸ್ಸಿನಲ್ಲೇ ನಿರ್ಧರಿಸಿಯಾಗಿತ್ತು. ಆ ನಿರ್ಧಾರಕ್ಕೆ ಕಾರಣವೂ ಬ್ಯಾನರಿನ ಮಾತೇ ಆಗಿತ್ತು.

ಈ ಲೇಖನ ಯಾವ ಪಕ್ಷದ ಪರವೂ ಅಲ್ಲ, ವಿರೋಧವೂ ಅಲ್ಲ. ದೇಶದ ಭದ್ರತೆಯ ಹೆಸರಿನಲ್ಲಿ ಮತ ಕೇಳುವ ನಾಯಕತ್ವವನ್ನು ಮತದಾರನು ಯಾವ ಅಳತೆಯಿಂದ ಅಳೆಯಬಹುದು ಎಂಬುದನ್ನು, ಸಾರ್ವಜನಿಕ ದಾಖಲೆಗಳ ಆಧಾರದ ಮೇಲೆ ವಿವರಿಸುವ ಪ್ರಯತ್ನವಿದು. ನಾನು ತಡವಾಗಿ ಕಲಿತದ್ದನ್ನು ಇತರರು ಬೇಗ ಕಲಿಯಲಿ ಎಂಬುದಷ್ಟೇ ಉದ್ದೇಶ.

ನಿರ್ಧಾರ ಯಾರದು, ಹೊಣೆ ಯಾರದು

ಸಂವಿಧಾನದ 53ನೇ ವಿಧಿಯ ಪ್ರಕಾರ ರಕ್ಷಣಾ ಪಡೆಗಳ ಪರಮಾಧಿಕಾರ ರಾಷ್ಟ್ರಪತಿಯವರದು. ಕಾರ್ಯತಃ ನಿರ್ಧಾರಗಳು ಕೇಂದ್ರ ಸಂಪುಟದ ಭದ್ರತಾ ಸಮಿತಿಯಲ್ಲಿ ಆಗುತ್ತವೆ. ಪ್ರಧಾನಿ ಅದರ ಅಧ್ಯಕ್ಷರು. ರಕ್ಷಣೆ, ಗೃಹ, ಹಣಕಾಸು, ವಿದೇಶಾಂಗ ಸಚಿವರು ಸದಸ್ಯರು. 1998ರ ನವೆಂಬರಿನಲ್ಲಿ ರಾಷ್ಟ್ರೀಯ ಭದ್ರತಾ ಮಂಡಳಿ ಮತ್ತು ಭದ್ರತಾ ಸಲಹೆಗಾರರ ಹುದ್ದೆ ಈ ವ್ಯವಸ್ಥೆಗೆ ಸೇರಿದವು. ಸೇನೆ ಸಲಹೆ ಕೊಡುತ್ತದೆ, ಆದೇಶವನ್ನು ಜಾರಿಗೆ ತರುತ್ತದೆ. ಮಂತ್ರಿಮಂಡಲವು ಸಾಮೂಹಿಕವಾಗಿ ಲೋಕಸಭೆಗೆ ಉತ್ತರದಾಯಿ ಎಂದು 75ನೇ ವಿಧಿ ಹೇಳುತ್ತದೆ.

ಎಂದರೆ, ಯುದ್ಧಭೂಮಿಯ ಶೌರ್ಯ ಯೋಧನದು; ಅವನ ಕೈಗೆ ಬಂದ ಬಂದೂಕು, ಅವನಿಗೆ ತಲುಪಿದ ಅಥವಾ ತಲುಪದ ಮಾಹಿತಿ, ಇವುಗಳ ಹೊಣೆ ರಾಜಕೀಯ ನಾಯಕತ್ವದ್ದು. ಚುನಾವಣೆಯ ಕಾಲದಲ್ಲಿ ಈ ಎರಡು ಲೆಕ್ಕಗಳು ಒಂದರೊಳಗೊಂದು ಸೇರಿಹೋಗುತ್ತವೆ. ಶೌರ್ಯದ ಕೀರ್ತಿ ವೇದಿಕೆ ಏರುತ್ತದೆ, ವೈಫಲ್ಯದ ಹೊಣೆ ಕಡತದಲ್ಲಿ ಉಳಿಯುತ್ತದೆ.

1962: ಇನ್ನೂ ತೆರೆಯದ ವರದಿ

ಕೊಡಗಿನವರಿಗೆ ಈ ಕಥೆಯ ಆರಂಭ ಚೆನ್ನಾಗಿ ಗೊತ್ತು. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯನವರು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದರು. ಅವರ ಬಾಲ್ಯದ ಮನೆ 'ಸನ್ನಿ ಸೈಡ್' ಈಗ ವಸ್ತುಸಂಗ್ರಹಾಲಯ. ಬಡ್ತಿಗಳೂ ಸೇರಿದಂತೆ ಹಲವು ವಿಷಯಗಳಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಡನೆ ಭಿನ್ನಾಭಿಪ್ರಾಯ ಬೆಳೆದು, 1959ರ ಆಗಸ್ಟ್ ಕೊನೆಯಲ್ಲಿ ತಿಮ್ಮಯ್ಯನವರು ರಾಜೀನಾಮೆ ಕೊಟ್ಟರು. ನೆಹರೂ ಒತ್ತಾಯಿಸಿ ಅದನ್ನು ಹಿಂತೆಗೆಯಿಸಿದರು. ಬಳಿಕ ಸಂಸತ್ತಿನಲ್ಲಿ ರಾಜೀನಾಮೆಯ ನಡೆಯನ್ನೇ ಆಕ್ಷೇಪಿಸಿದರು.

1962ರ ಫೆಬ್ರುವರಿಯ ಚುನಾವಣೆಯಲ್ಲಿ ಉತ್ತರ ಬೊಂಬಾಯಿಯ ಮತದಾರರು ಕೃಷ್ಣ ಮೆನನ್ ಅವರನ್ನು ಆಚಾರ್ಯ ಕೃಪಲಾನಿಯವರ ವಿರುದ್ಧ ಭಾರಿ ಅಂತರದಿಂದ ಗೆಲ್ಲಿಸಿದರು. ಅಕ್ಟೋಬರ್ 20ರಂದು ಚೀನಾದ ದಾಳಿ ಆರಂಭವಾಯಿತು. ನವೆಂಬರ್ ಮೊದಲ ವಾರ ಮುಗಿಯುವಷ್ಟರಲ್ಲಿ ಮೆನನ್ ಸಂಪುಟದಿಂದ ಹೊರಗಿದ್ದರು. ಯುದ್ಧ ನಡೆಯುತ್ತಿರುವಾಗಲೇ ಸಂಸತ್ತಿನ ಅಧಿವೇಶನ ಕರೆದು ಬಹಿರಂಗ ಚರ್ಚೆ ನಡೆಸಲಾಯಿತು. ಸೋಲಿನ ನಡುವೆಯೂ ಇಷ್ಟು ನಡೆಯಿತೆಂಬುದನ್ನು ಮರೆಯಬಾರದು.

ಮರೆತದ್ದು ಮುಂದಿನದು. ಸೋಲಿನ ಸೈನಿಕ ಕಾರಣಗಳನ್ನು ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಪಿ.ಎಸ್. ಭಗತ್ ಪರಿಶೀಲಿಸಿ 1963ರಲ್ಲಿ ವರದಿ ಕೊಟ್ಟರು. ಸರ್ಕಾರ ಅದನ್ನು ಇಂದಿಗೂ ಪ್ರಕಟಿಸಿಲ್ಲ. ಅದರಲ್ಲಿರುವ ಮಾಹಿತಿಗೆ ಇಂದಿಗೂ ಕಾರ್ಯಾಚರಣೆಯ ದೃಷ್ಟಿಯಿಂದ ಮಹತ್ವವಿದೆ ಎಂದು 2010ರಲ್ಲಿ ಕಾಂಗ್ರೆಸ್ ಸರ್ಕಾರದ ರಕ್ಷಣಾ ಸಚಿವ ಎ.ಕೆ. ಆಂಟನಿ ಸಂಸತ್ತಿಗೆ ತಿಳಿಸಿದರು. 2014ರ ಮಾರ್ಚಿಯಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ವರದಿಯ ಒಂದು ಭಾಗವನ್ನು ಅಂತರ್ಜಾಲದಲ್ಲಿ ಹಾಕಿದಾಗ, ಆಗ ರಾಜ್ಯಸಭೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದ ಅರುಣ್ ಜೇಟ್ಲಿ, ಇಂಥ ದಾಖಲೆಗಳನ್ನು ಅನಿರ್ದಿಷ್ಟ ಕಾಲ ಗೋಪ್ಯವಾಗಿಡುವುದು ಸಾರ್ವಜನಿಕ ಹಿತಕ್ಕೆ ಸರಿಹೋಗದೆಂಬ ಅರ್ಥದಲ್ಲಿ ಬರೆದರು. ಅದೇ ವರ್ಷದ ಜುಲೈಯಲ್ಲಿ ರಕ್ಷಣಾ ಸಚಿವರಾಗಿ ಅವರೇ, ಅದನ್ನು ಬಹಿರಂಗಪಡಿಸುವುದು ರಾಷ್ಟ್ರಹಿತಕ್ಕೆ ಸಲ್ಲದೆಂದು ಉತ್ತರಿಸಿದರು. ನಡುವೆ ಬದಲಾದದ್ದು ಕುಳಿತ ಬೆಂಚು ಮಾತ್ರ.

ನನ್ನ ಭ್ರಮೆ ಕಳೆಯಲು ಕಾರಣವಾದ ಮೊದಲ ಸಂಗತಿ ಇದು. ಪಕ್ಷ ಬದಲಾದರೆ ಧೋರಣೆ ಬದಲಾಗುತ್ತದೆಂದು ನಂಬಿದ್ದೆ. ಅಧಿಕಾರದಲ್ಲಿದ್ದಾಗ ಗೋಪ್ಯತೆ, ಇಲ್ಲದಾಗ ಪಾರದರ್ಶಕತೆ ಎಂಬುದು ಎಲ್ಲ ಪಕ್ಷಗಳಿಗೂ ಸಮಾನವಾದ ಧೋರಣೆ.

ಬೋಫೋರ್ಸ್: ಮತದಾರನ ಕೋಪ ಮತ್ತು ಅದರ ಬೆಲೆ

1986ರ ಮಾರ್ಚಿಯಲ್ಲಿ ಭಾರತವು ಸ್ವೀಡನ್ನಿನ ಬೋಫೋರ್ಸ್ ಕಂಪನಿಯಿಂದ 155 ಮಿ.ಮೀ. ಫಿರಂಗಿಗಳು 410ನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಮರುವರ್ಷದ ಏಪ್ರಿಲ್‌ನಲ್ಲಿ ಸ್ವೀಡನ್ನಿನ ರೇಡಿಯೊ ಲಂಚದ ಆರೋಪವನ್ನು ಪ್ರಸಾರ ಮಾಡಿತು. 1989ರ ಚುನಾವಣೆಯಲ್ಲಿ ಆಡಳಿತ ಪಕ್ಷ ಬಹುಮತ ಕಳೆದುಕೊಂಡಿತು. ಪ್ರಜಾಪ್ರಭುತ್ವದ ದೃಷ್ಟಿಯಿಂದ ಅದು ಮತದಾರನ ಗೆಲುವೇ.

ಆದರೆ ಫಿರಂಗಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಲಂಚದ ಹಗರಣದ ಭಯದಿಂದ ಮುಂದಿನ ಸರ್ಕಾರಗಳು ಖರೀದಿಯ ಕಡತಗಳನ್ನು ಮುಟ್ಟಲೇ ಹಿಂಜರಿದವು. ಕಂಪನಿಗಳನ್ನು ಕಪ್ಪುಪಟ್ಟಿಗೆ ಸೇರಿಸುವುದು, ಪರೀಕ್ಷೆ, ಮರುಪರೀಕ್ಷೆ, ಟೆಂಡರ್ ರದ್ದತಿ ಇವುಗಳಲ್ಲೇ ಮೂರು ದಶಕಗಳು ಕಳೆದವು. ಎಂ777 ಮತ್ತು ಕೆ9 ವಜ್ರ ಫಿರಂಗಿಗಳು ಸೇನೆಗೆ ವಿಧ್ಯುಕ್ತವಾಗಿ ಸೇರಿದ್ದು 2018ರ ನವೆಂಬರಿನಲ್ಲಿ. ನಡುವೆ 1999ರಲ್ಲಿ ಕಾರ್ಗಿಲ್‌ನ ಶಿಖರಗಳನ್ನು ಮರಳಿ ಪಡೆಯಲು ನೆರವಾದದ್ದು ಅದೇ ಬೋಫೋರ್ಸ್ ಫಿರಂಗಿಗಳು. ಕಳ್ಳತನದ ಶಂಕೆಯ ಮೇಲೆ ಸರ್ಕಾರವನ್ನು ಶಿಕ್ಷಿಸಿದ ನಾವು, ಆ ಬಳಿಕ ಪ್ರಾಮಾಣಿಕವೂ ವೇಗವೂ ಆದ ಖರೀದಿ ವ್ಯವಸ್ಥೆಯನ್ನು ಕಟ್ಟಿದಿರಾ ಎಂದು ಯಾವ ಸರ್ಕಾರವನ್ನೂ ಕೇಳಲಿಲ್ಲ.

ಕಾರ್ಗಿಲ್: ವರದಿ ಬಂತು, ಓದುಗ ಬರಲಿಲ್ಲ

1999ರ ಕಾರ್ಗಿಲ್ ಯುದ್ಧದಲ್ಲಿ ಅಧಿಕೃತ ಲೆಕ್ಕದಂತೆ 527 ಯೋಧರು ಪ್ರಾಣ ಕೊಟ್ಟರು. ಆಗ ರಕ್ಷಣಾ ಸಚಿವರಾಗಿದ್ದವರು ಮಂಗಳೂರು ಮೂಲದ ಜಾರ್ಜ್ ಫರ್ನಾಂಡಿಸ್. ಜುಲೈ 26ರಂದು ಯುದ್ಧ ಮುಗಿಯಿತು. 29ರಂದೇ ಸರ್ಕಾರ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯಲ್ಲಿ ಪರಾಮರ್ಶೆ ಸಮಿತಿ ನೇಮಿಸಿತು. ವರದಿ ಡಿಸೆಂಬರಿನಲ್ಲಿ ಸಿದ್ಧವಾಗಿ, ಕೆಲವು ಭಾಗಗಳನ್ನು ಭದ್ರತೆಯ ಕಾರಣದಿಂದ ತೆಗೆದು, 2000ದ ಫೆಬ್ರುವರಿಯಲ್ಲಿ ಸಂಸತ್ತಿನಲ್ಲಿ ಮಂಡನೆಯಾಯಿತು. ಗೋಪ್ಯತೆಯನ್ನೂ ಉತ್ತರದಾಯಿತ್ವವನ್ನೂ ಒಟ್ಟಿಗೆ ಸಾಧಿಸಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿ ವಿರಳ.

ನಾನು ಮೊದಲ ಬಾರಿ ಮತ ಹಾಕಿದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ, ಯುದ್ಧ ಗೆದ್ದ ಹೆಮ್ಮೆಯಲ್ಲಿ. ನುಸುಳುವಿಕೆ ಮೊದಲೇ ಏಕೆ ತಿಳಿಯಲಿಲ್ಲ ಎಂಬ ಪ್ರಶ್ನೆಗೆ ಸಮಿತಿ ಉತ್ತರ ಹುಡುಕುತ್ತಿರುವಾಗಲೇ ನಾನು ನನ್ನ ತೀರ್ಪು ಕೊಟ್ಟಾಗಿತ್ತು. ವರದಿ ಹೊರಬಂದ ಮೇಲೆ ಓದಿದೆನೇ? ಇಲ್ಲ. ಅದರ ಪುಟ ತೆರೆದದ್ದು ಇಪ್ಪತ್ತು ವರ್ಷಗಳ ನಂತರ, ಚಿಕ್ಕಪ್ಪನ ಪ್ರಶ್ನೆ ಕಾಡಿದ ಮೇಲೆ. ನಾಯಕರ ಬಗ್ಗೆ ನಿರಾಶೆ ಪಡುವಾಗ ಈ ನನ್ನ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ವರದಿಯನ್ನು ಮುಂದುವರಿಸಿ 2001ರ ಫೆಬ್ರುವರಿಯಲ್ಲಿ ಸಚಿವರ ಗುಂಪು ಹಲವು ಸುಧಾರಣೆಗಳನ್ನು ಸೂಚಿಸಿತು. ಕೆಲವು ಬೇಗ ಜಾರಿಯಾದವು; ರಕ್ಷಣಾ ಗುಪ್ತಚರ ಸಂಸ್ಥೆ 2002ರಲ್ಲಿ ಬಂತು. ಆದರೆ ಮೂರೂ ಪಡೆಗಳ ನಡುವೆ ಹೊಂದಾಣಿಕೆ ತರುವ ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆ, ಅಂದರೆ ಸಿಡಿಎಸ್, ಭರ್ತಿಯಾದದ್ದು 2020ರ ಜನವರಿ 1ರಂದು. ಜನರಲ್ ಬಿಪಿನ್ ರಾವತ್ 2021ರ ಡಿಸೆಂಬರಿನಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡ ಬಳಿಕ ಅದೇ ಹುದ್ದೆ ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ಖಾಲಿ ಇತ್ತು. ಈ ಇಪ್ಪತ್ತು ವರ್ಷಗಳ ಯಾವ ಚುನಾವಣಾ ಸಭೆಯಲ್ಲೂ ಈ ವಿಳಂಬದ ಮಾತು ನನ್ನ ಕಿವಿಗೆ ಬಿದ್ದಿಲ್ಲ.

ಎರಡು ಗಡಿಯಾರಗಳು

ಇಷ್ಟನ್ನೂ ಒಟ್ಟಿಗೆ ನೋಡಿದಾಗ ಒಂದು ಕಾರಣ ಸ್ಪಷ್ಟವಾಗುತ್ತದೆ. ಚುನಾವಣೆಯ ಗಡಿಯಾರ ಐದು ವರ್ಷದ್ದು. ಭದ್ರತೆಯದು ಇಪ್ಪತ್ತು, ಮೂವತ್ತು ವರ್ಷಗಳದ್ದು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುವ ತೇಜಸ್ ಯುದ್ಧವಿಮಾನವನ್ನೇ ನೋಡಿ. ಯೋಜನೆಗೆ ಮಂಜೂರಾತಿ ಸಿಕ್ಕಿದ್ದು 1983ರಲ್ಲಿ, ಮೊದಲ ಹಾರಾಟ 2001ರ ಜನವರಿ 4ರಂದು, ಮೊದಲ ಸ್ಕ್ವಾಡ್ರನ್ ರೂಪುಗೊಂಡದ್ದು 2016ರ ಜುಲೈ 1ರಂದು. ವಾಯುಪಡೆಗೆ ಮಂಜೂರಾದ ಯುದ್ಧವಿಮಾನ ಸ್ಕ್ವಾಡ್ರನ್‌ಗಳು 42; ಇರುವುದು ಮೂವತ್ತರ ಆಸುಪಾಸು. ಈ ಕೊರತೆಯನ್ನು ಯಾವ ಒಂದು ಸರ್ಕಾರವೂ ಸೃಷ್ಟಿಸಲಿಲ್ಲ, ಆದ್ದರಿಂದ ಯಾವ ಒಂದು ಸರ್ಕಾರವೂ ಅದಕ್ಕೆ ಉತ್ತರ ಹೇಳುವುದಿಲ್ಲ. ಒಂದು ರಾತ್ರಿಯ ದಾಳಿಗೆ ಸಿಗುವ ಮತ ಮೂವತ್ತು ವರ್ಷಗಳ ಸಿದ್ಧತೆಗೆ ಸಿಗದಿದ್ದರೆ, ನಾಯಕನು ಯಾವುದರ ಕಡೆ ಗಮನ ಕೊಡುತ್ತಾನೆಂಬುದನ್ನು ಊಹಿಸುವುದು ಕಷ್ಟವಲ್ಲ.

ಹಾಗಾದರೆ ಏನನ್ನು ಕೇಳಬೇಕು

ಸೇನೆಯ ನೆಲೆಗಳು, ಕಾರ್ಯಾಚರಣೆಯ ಯೋಜನೆಗಳು ನಮಗೆ ತಿಳಿಯಬೇಕಾಗಿಲ್ಲ. ಅವನ್ನು ಬಿಟ್ಟೂ ಕೇಳಬಹುದಾದ ಪ್ರಶ್ನೆಗಳು ಸಾಕಷ್ಟಿವೆ.

ಮೊದಲನೆಯದು: ವೈಫಲ್ಯವಾದಾಗ ತನಿಖೆ ನಡೆಯಿತೇ, ವರದಿಯ ಪ್ರಕಟಿಸಬಹುದಾದ ಭಾಗ ಸದನಕ್ಕೆ ಬಂತೇ? ಇದಕ್ಕೆ ಕಾರ್ಗಿಲ್ ಮಾದರಿ, 1962 ಎಚ್ಚರಿಕೆ.

ಎರಡನೆಯದು: ಯಾರಾದರೂ ಹೊಣೆ ಹೊತ್ತರೇ? 2008ರ ನವೆಂಬರ್ 26ರ ಮುಂಬಯಿ ದಾಳಿಯ ಬಳಿಕ ಕೇಂದ್ರ ಗೃಹ ಸಚಿವ ಶಿವರಾಜ್ ಪಾಟೀಲ್ ರಾಜೀನಾಮೆ ಕೊಟ್ಟರು. ಮಹಾರಾಷ್ಟ್ರದ ಮುಖ್ಯಮಂತ್ರಿಯೂ ಸ್ಥಾನ ಬಿಟ್ಟರು. ಡಿಸೆಂಬರಿನಲ್ಲೇ ರಾಷ್ಟ್ರೀಯ ತನಿಖಾ ಸಂಸ್ಥೆಯ ಕಾನೂನು ಬಂತು. ರಾಜೀನಾಮೆಯಿಂದ ಸತ್ತವರು ಮರಳುವುದಿಲ್ಲ, ನಿಜ. ಆದರೆ ಕುರ್ಚಿಗೂ ಹೊಣೆಗೂ ಸಂಬಂಧವಿದೆಯೆಂಬ ಒಪ್ಪಿಗೆ ಅದರಲ್ಲಿದೆ.

ಮೂರನೆಯದು: ಹಣವೆಲ್ಲಿ ಹೋಗುತ್ತದೆ? 2024-25ರ ಮುಂಗಡಪತ್ರದಲ್ಲಿ ರಕ್ಷಣೆಗೆ ಸುಮಾರು 6.21 ಲಕ್ಷ ಕೋಟಿ ರೂಪಾಯಿ ಇತ್ತು. ಅದರಲ್ಲಿ ಪಿಂಚಣಿಗೆ 1.41 ಲಕ್ಷ ಕೋಟಿ, ಹೊಸ ಶಸ್ತ್ರಾಸ್ತ್ರವೂ ಸೇರಿದ ಬಂಡವಾಳ ವೆಚ್ಚಕ್ಕೆ 1.72 ಲಕ್ಷ ಕೋಟಿ. ದೊಡ್ಡ ಮೊತ್ತವನ್ನು ಘೋಷಿಸುವವರು ಈ ಪಾಲುಗಳನ್ನು ಹೇಳುವುದಿಲ್ಲ. ಸದನವೂ ಹಲವು ಬಾರಿ ಬೇಡಿಕೆಗಳನ್ನು ಚರ್ಚೆಯಿಲ್ಲದೆ 'ಗಿಲೊಟಿನ್' ಕ್ರಮದಲ್ಲಿ ಒಪ್ಪಿಬಿಡುತ್ತದೆ. 2018ರ ಮಾರ್ಚಿಯಲ್ಲಿ ಗದ್ದಲದ ನಡುವೆ ನಡೆದದ್ದು ಅದೇ.

ನಾಲ್ಕನೆಯದು: ಲೆಕ್ಕ ಪರಿಶೋಧಕರು ಏನೆಂದರು? ಸೇನೆಯ ಬಳಿಯಿದ್ದ ಮದ್ದುಗುಂಡುಗಳ ಬಗೆಗಳಲ್ಲಿ ಶೇಕಡಾ 40ರಷ್ಟು ಹತ್ತು ದಿನದ ಯುದ್ಧಕ್ಕೂ ಸಾಲವೆಂದು 2017ರಲ್ಲಿ ಮಹಾಲೇಖಪಾಲರ ವರದಿ ತಿಳಿಸಿತ್ತು. ಆಮೇಲೆ ಮಹಾಲೇಖಪಾಲರ ಕಚೇರಿಯು ರಕ್ಷಣಾ ವರದಿಗಳನ್ನು ತನ್ನ ಜಾಲತಾಣದಲ್ಲಿ ಹಾಕುವುದನ್ನೇ ನಿಲ್ಲಿಸಿತು. ಆ ನಿರ್ಧಾರವನ್ನು 2020ರಲ್ಲಿ ಆಗಿನ ಮಹಾಲೇಖಪಾಲರು ಸಮರ್ಥಿಸಿಕೊಂಡರು. ವರದಿಗಳು ಸಂಸತ್ತಿನಲ್ಲಿ ಮಂಡನೆಯಾಗುತ್ತವೆ. ದೂರದಲ್ಲಿರುವ ನಮ್ಮಂಥವರಿಗೆ ಅವು ಸುಲಭವಾಗಿ ಸಿಗುವುದಿಲ್ಲ.

ದೂರದಲ್ಲಿರುವವನ ಮತ

ಹೊರದೇಶದಲ್ಲಿದ್ದು ಭಾರತದ ಪೌರತ್ವ ಉಳಿಸಿಕೊಂಡವರಿಗೆ ಮತದ ಹಕ್ಕು ಬಂದದ್ದು 2010ರ ಕಾನೂನು ತಿದ್ದುಪಡಿಯಿಂದ. ನಮೂನೆ 6ಎ ತುಂಬಿ ಹೆಸರು ಸೇರಿಸಬಹುದು. ಆದರೆ ಮೂಲ ಪಾಸ್‌ಪೋರ್ಟ್ ಹಿಡಿದು ಮತಗಟ್ಟೆಗೇ ಹೋಗಬೇಕು. ಬದಲಿ ವ್ಯಕ್ತಿಯ ಮೂಲಕ ಮತ ಹಾಕಲು ಅವಕಾಶ ಕೊಡುವ ಮಸೂದೆಯನ್ನು 2018ರಲ್ಲಿ ಲೋಕಸಭೆ ಒಪ್ಪಿತಾದರೂ, ಮರುವರ್ಷ ಸದನದ ಅವಧಿ ಮುಗಿದು ಅದು ಬಿದ್ದುಹೋಯಿತು. 2024ರಲ್ಲಿ ಹೆಸರು ನೋಂದಾಯಿಸಿದ್ದ ಸುಮಾರು 1.19 ಲಕ್ಷ ಮಂದಿಯಲ್ಲಿ ಬಂದು ಮತ ಹಾಕಿದವರು ಮೂರು ಸಾವಿರಕ್ಕೂ ಕಡಿಮೆ.

ಆ ಕಡಿಮೆಯವರಲ್ಲಿ ನಾನೊಬ್ಬ. 2024ರ ಏಪ್ರಿಲ್ 26ರ ಮತದಾನಕ್ಕೆ ಮೂರು ದಿನ ಮೊದಲೇ ಊರಿಗೆ ಬಂದಿದ್ದೆ. ಒಂದು ಸಂಜೆ ಪಕ್ಷವೊಂದರ ಕಾರ್ಯಕರ್ತರು ಮನೆಗೆ ಬಂದರು. ಚಿಕ್ಕಮ್ಮ ಕಾಫಿ ಕೊಟ್ಟರು. ದೇಶದ ಭದ್ರತೆಗೆ ನಿಮ್ಮ ಮತ ಎಂದು ಅವರು ಹೇಳಿದಾಗ, 1963ರ ವರದಿಯ ಬಗ್ಗೆ ನಿಮ್ಮ ಪಕ್ಷದ ನಿಲುವೇನು, ಮಂಜೂರಾದ ಸ್ಕ್ವಾಡ್ರನ್‌ಗಳು ಎಂದಿಗೆ ತುಂಬುತ್ತವೆ ಎಂದು ಕೇಳಿದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲೊಬ್ಬ, "ಸಾರ್, ಇದನ್ನು ಇದುವರೆಗೆ ಯಾರೂ ಕೇಳಿರಲಿಲ್ಲ" ಎಂದು ಪ್ರಾಮಾಣಿಕವಾಗಿಯೇ ಹೇಳಿದ. ಮರುದಿನ ಇನ್ನೊಂದು ಪಕ್ಷದವರು ಬಂದಾಗಲೂ ಅದನ್ನೇ ಕೇಳಿದೆ; ಅವರ ಬಳಿಯೂ ಉತ್ತರವಿರಲಿಲ್ಲ.

ಅವರು ಹೋದ ಮೇಲೆ ಚಿಕ್ಕಪ್ಪ, "ನಾಡಿದ್ದು ಬೂತಿಗೆ ಬೇಗ ಹೋಗೋಣ, ಬಿಸಿಲು ಜಾಸ್ತಿ" ಎಂದರು. ಹೋದೆವು. ಮತ ಹಾಕಿದೆವು. ಈ ಬಾರಿ ನನ್ನ ಆಯ್ಕೆಯಲ್ಲಿ ಉತ್ಸಾಹವಿರಲಿಲ್ಲ, ಆದರೆ ಕಾರಣಗಳಿದ್ದವು. ಯಾರು ಗೆದ್ದರೂ ಮುಂದಿನ ಸಲ ಅದೇ ಎರಡು ಪ್ರಶ್ನೆಗಳನ್ನು ಮತ್ತೆ ಕೇಳಲಿದ್ದೇನೆ. ಈ ಲೇಖನದ ಓದುಗರಲ್ಲಿ ಹತ್ತು ಮಂದಿ ತಮ್ಮ ತಮ್ಮ ಊರುಗಳಲ್ಲಿ ಅದನ್ನೇ ಕೇಳಿದರೆ, ಉತ್ತರ ಸಿದ್ಧಪಡಿಸಿಕೊಂಡು ಬರುವ ಅಭ್ಯಾಸ ಎಲ್ಲೋ ಒಂದು ಕಡೆಯಾದರೂ ಆರಂಭವಾಗಬಹುದು.