ಸಗಣಿ ನೋಡುವ ಕಣ್ಣು ನಮ್ಮ ಹೊಟ್ಟೆಯ ಕಡೆಗೂ ಇರಲಿ



ಬೆಳಗ್ಗೆ ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ ನೀವು ನೋಡುವುದು ಸಗಣಿಯನ್ನು. ನೀರಾಗಿದೆಯೇ, ಗಟ್ಟಿಯಾಗಿದೆಯೇ, ಲೋಳೆ ಇದೆಯೇ ಎಂದು ಒಂದೇ ನೋಟಕ್ಕೆ ತಿಳಿದುಬಿಡುತ್ತೀರಿ. ಹಸು ಒಂದು ಹೊತ್ತು ಮೆಲುಕು ಹಾಕದಿದ್ದರೆ ನಮಗೆ ಫೋನ್ ಬರುತ್ತದೆ. ಸಗಣಿಯಲ್ಲಿ ರಕ್ತ ಕಂಡರಂತೂ ಬೆಳಕು ಹರಿಯುವ ಮೊದಲೇ ಬರುತ್ತದೆ. ಅದೇ ರಕ್ತ ತಮ್ಮ ಮಲದಲ್ಲಿ ಕಂಡಾಗ ನಮ್ಮ ಹೆಣ್ಣುಮಕ್ಕಳು ಎಷ್ಟು ದಿನಕ್ಕೆ ಬಾಯಿಬಿಡುತ್ತಾರೆ? ಕೆಲವರಿಗೆ ತಿಂಗಳು, ಕೆಲವರಿಗೆ ವರ್ಷ. "ಉಷ್ಣ ಆಗಿರಬೇಕು" ಎಂದು ಮಜ್ಜಿಗೆ ಕುಡಿದು ಸುಮ್ಮನಾಗುವವರೇ ಹೆಚ್ಚು.

ನಾನು ದನದ ಡಾಕ್ಟರು. ಮನುಷ್ಯರಿಗೆ ಔಷಧಿ ಬರೆಯುವ ಅಧಿಕಾರ ನನಗಿಲ್ಲ, ಇಲ್ಲಿ ಬರೆಯುವುದೂ ಇಲ್ಲ. ಆದರೆ ಹಸುವಿಗೆ ಇಂಜೆಕ್ಷನ್ ಹಾಕಿ ಕೈ ತೊಳೆಯುವಾಗ, ನೀರು ಹುಯ್ಯುತ್ತಾ "ಡಾಕ್ಟ್ರಮ್ಮಾ, ನಂದೊಂದು ಕೇಳ್ಲಾ?" ಎಂದು ದನಿ ತಗ್ಗಿಸುವ ಅಕ್ಕಂದಿರು ಬಹಳ ಮಂದಿ. ಹತ್ತಕ್ಕೆ ಏಳು ಸಲ ವಿಷಯ ಹೊಟ್ಟೆಯದೇ ಇರುತ್ತದೆ. ಹೊಟ್ಟೆ ಕಟ್ಟುವುದು, ಗ್ಯಾಸ್ಟ್ರಿಕ್, ಮೂಲವ್ಯಾಧಿ, ರಕ್ತ. ಅವರಿಗೆಲ್ಲ ಹೇಳುವ ಮಾತನ್ನೇ ಇಲ್ಲಿ ಬರೆಯುತ್ತಿದ್ದೇನೆ. ಊಟ, ನೀರು, ದಿನಚರಿ ಸರಿಮಾಡಿಕೊಂಡರೆ ಹೊಟ್ಟೆಯ ಬಹಳಷ್ಟು ತೊಂದರೆ ಹತೋಟಿಗೆ ಬರುತ್ತದೆ. ಆದರೆ ದೊಡ್ಡಕರುಳಿನೊಳಗೆ ಒಮ್ಮೆ ಬೆಳೆದ ಪಾಲಿಪ್ ಎಂಬ ಗಂಟು ಊಟದಿಂದ ಕರಗುವುದಿಲ್ಲ. ಅದನ್ನು ನೋಡಿಯೇ ತೆಗೆಸಬೇಕು.

ಬೂಸಾ ಹಸುವಿಗೆ, ಮೈದಾ ನಮಗೆ

ಒಣಹುಲ್ಲು ಕಡಿಮೆ ಮಾಡಿ ಹಿಂಡಿ, ಪಶು ಆಹಾರವನ್ನೇ ಹೆಚ್ಚಿಸಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಸಗಣಿ ತೆಳುವಾಗುತ್ತದೆ, ಡೇರಿಯಲ್ಲಿ ಫ್ಯಾಟ್ ಇಳಿಯುತ್ತದೆ. ಹಬ್ಬದಲ್ಲಿ ಉಳಿದ ಅನ್ನವನ್ನು ಬಕೆಟ್‌ಗಟ್ಟಲೆ ಸುರಿದರೆ ಹೊಟ್ಟೆ ಹುಳಿಯಾಗಿ ಹಸು ನೆಲ ಹಿಡಿಯುತ್ತದೆ. ಹಸುವಿನ ಮೊದಲ ಹೊಟ್ಟೆಯಲ್ಲಿ, ಅಂದರೆ ರೂಮೆನ್‌ನಲ್ಲಿ, ಕೋಟ್ಯಂತರ ಸೂಕ್ಷ್ಮಜೀವಿಗಳು ಮೇವಿನ ನಾರನ್ನು ಹುದುಗಿಸಿ ಒಂದು ಬಗೆಯ ಆಮ್ಲಗಳನ್ನು ತಯಾರಿಸುತ್ತವೆ. ಹಾಲಿನ ಫ್ಯಾಟ್ ಬಹುಮಟ್ಟಿಗೆ ಅದರಿಂದಲೇ ಬರುವುದು.

ನಮಗೆ ರೂಮೆನ್ ಇಲ್ಲ. ಆದರೆ ಸುಮಾರು ಐದು ಅಡಿ ಉದ್ದದ ನಮ್ಮ ದೊಡ್ಡಕರುಳಿನಲ್ಲಿ ಇಂಥದೇ ಕೆಲಸ ಸಣ್ಣ ಮಟ್ಟದಲ್ಲಿ ನಡೆಯುತ್ತದೆ. ನಾವು ತಿಂದ ಸೊಪ್ಪು, ಕಾಳು, ಧಾನ್ಯದ ನಾರನ್ನು ಅಲ್ಲಿನ ಸೂಕ್ಷ್ಮಜೀವಿಗಳು ಹುದುಗಿಸುತ್ತವೆ. ಆಗ ಹುಟ್ಟುವ ಬ್ಯೂಟಿರೇಟ್ ಎಂಬುದು ಕರುಳಿನ ಒಳಪದರಕ್ಕೆ ಮುಖ್ಯ ಆಹಾರ. ಹುದುಗದೆ ಉಳಿದ ನಾರು ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೆತ್ತಗೆ ಇಡುತ್ತದೆ.

ಈಗ ಮನೆಯ ಲೆಕ್ಕ ನೋಡಿ. ಗೋಧಿಯ ಹೊಟ್ಟು ಬೂಸಾ ಆಗಿ ಹಸುವಿನ ಬಾನಿಗೆ ಹೋಯಿತು. ಅಕ್ಕಿಯ ತೌಡು, ಕಡಲೆ ಹೊಟ್ಟು, ತೊಗರಿ ಹೊಟ್ಟು ಎಲ್ಲವೂ ಹಸುವಿಗೆ. ರಾಗಿಹಿಟ್ಟನ್ನೂ ಈಗ ನುಣ್ಣಗಿನ ಜರಡಿ ಹಿಡಿದು, ಮೇಲೆ ಉಳಿದದ್ದನ್ನು ಕಲಗಚ್ಚಿಗೆ ಹಾಕುತ್ತೇವೆ. ನಮಗೆ ಉಳಿದದ್ದು ಪಾಲಿಶ್ ಅಕ್ಕಿಯ ಅನ್ನ, ಮೈದಾ ಬಿಸ್ಕತ್ತು, ಬನ್ನು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಜೋಳದಲ್ಲಿ 10 ಗ್ರಾಂ. ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ಬೇಕು. ಮೂರು ಹೊತ್ತೂ ಅನ್ನ ತಿಳಿಸಾರು ಉಂಡವರಿಗೆ ಅದು ಎಲ್ಲಿಂದ ಬರಬೇಕು?

ಡೆನಿಸ್ ಬರ್ಕಿಟ್ ಎಂಬ ಐರ್ಲೆಂಡಿನ ಶಸ್ತ್ರವೈದ್ಯರು ಆಫ್ರಿಕದ ಉಗಾಂಡದಲ್ಲಿ ಬಹಳ ವರ್ಷ ಕೆಲಸ ಮಾಡಿದ್ದರು. ನಾರಿನ ಊಟ ಮಾಡುವ ಅಲ್ಲಿನ ಹಳ್ಳಿಗರ ಮಲ ಮೆತ್ತಗೆ, ಹೆಚ್ಚಾಗಿ, ಬೇಗ ಹೊರಬರುತ್ತದೆ, ದೊಡ್ಡಕರುಳಿನ ಕಾಯಿಲೆಗಳು ಅವರಲ್ಲಿ ಅಪರೂಪ ಎಂದು 1970ರ ದಶಕದಲ್ಲಿ ಅವರು ಪ್ರಪಂಚಕ್ಕೆಲ್ಲ ಸಾರಿದರು. ಮಲ ನೋಡಿ ಆರೋಗ್ಯ ಅಳೆಯಬಹುದೆಂದು ದೊಡ್ಡ ದೊಡ್ಡ ಡಾಕ್ಟರುಗಳಿಗೆ ಹೇಳಬೇಕಾಗಿ ಬಂತು. ನಿಮಗೆ ಅದು ಕೊಟ್ಟಿಗೆಯಲ್ಲೇ ಗೊತ್ತಿತ್ತು.

ಹಾಗೆಂದು ನಾಳೆಯಿಂದಲೇ ಬಟ್ಟಲುಗಟ್ಟಲೆ ಕಾಳು ತಿನ್ನಬೇಡಿ. ಹಸುವಿಗೆ ಹೊಸ ಮೇವನ್ನು ಹತ್ತು ಹದಿನೈದು ದಿನದಲ್ಲಿ ಸ್ವಲ್ಪಸ್ವಲ್ಪವಾಗಿ ರೂಢಿಸುತ್ತೀರಲ್ಲ, ನಮ್ಮ ಕರುಳಿಗೂ ಅದೇ ಕ್ರಮ. ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸಿ, "ಇದೆಲ್ಲ ನನಗೆ ಆಗಿಬರಲ್ಲ" ಎಂದು ಬಿಟ್ಟುಬಿಡುತ್ತೀರಿ. ಮೊದಲ ವಾರ ಒಂದು ಹೊತ್ತಿನ ಅನ್ನದ ಜಾಗಕ್ಕೆ ಮುದ್ದೆ ಅಥವಾ ರೊಟ್ಟಿ ಬರಲಿ. ಆಮೇಲೆ ದಿನಕ್ಕೊಂದು ಸಲ ಸೊಪ್ಪು. ದುಡ್ಡು ಕೊಟ್ಟು ತರಬೇಕಿಲ್ಲ, ಬದುವಿನ ಬೆರಕೆ ಸೊಪ್ಪು, ಹಿತ್ತಲ ನುಗ್ಗೆ ಸೊಪ್ಪು ಸಾಕು. ಬಸ್ಸಾರು ಮಾಡಿದಾಗ ಸಾರನ್ನು ಮಾತ್ರ ಸುರಿದುಕೊಂಡು ಪಲ್ಯವನ್ನೆಲ್ಲ ಗಂಡಸರಿಗೆ, ಮಕ್ಕಳಿಗೆ ಬಡಿಸಿ ಮುಗಿಸಬೇಡಿ. ಒಂದು ಸೀಬೆಹಣ್ಣು ಅಥವಾ ಒಂದು ಹೋಳು ಪರಂಗಿ ಹಣ್ಣು ಸಿಕ್ಕಿದ ದಿನ ತಿನ್ನಿ.

ನಾರು ಹೆಚ್ಚಿಸಿ ನೀರು ಹೆಚ್ಚಿಸದಿದ್ದರೆ ಮಲ ಇನ್ನೂ ಗಟ್ಟಿಯಾಗುತ್ತದೆ. ಹಸು ಒಂದು ಲೀಟರ್ ಹಾಲು ಕೊಡಲು ನಾಲ್ಕೈದು ಲೀಟರ್ ನೀರು ಕುಡಿಯಬೇಕೆಂದು ಲೆಕ್ಕ ಇಟ್ಟು ತೊಟ್ಟಿ ತುಂಬಿಸುವ ನೀವು, ಹೊಲಕ್ಕೆ ಹೋದರೆ ಮಧ್ಯಾಹ್ನದವರೆಗೆ ಒಂದು ಗುಟುಕು ಕುಡಿಯುವುದಿಲ್ಲ. ಕಾರಣ ನನಗೆ ಗೊತ್ತು. ಕುಡಿದರೆ ಹೋಗಬೇಕು, ಹೋಗಲು ಮರೆಯಿಲ್ಲ. ಇದು ಹೆಣ್ಣುಮಕ್ಕಳ ತಪ್ಪಲ್ಲ. ಆದರೂ ಮನೆ ಬಿಡುವ ಮೊದಲು ಎರಡು ಲೋಟ, ಬಂದ ಮೇಲೆ ಎರಡು ಲೋಟ, ಮಧ್ಯೆ ಉಪ್ಪು ಕಡಿಮೆ ಹಾಕಿದ ನೀರು ಮಜ್ಜಿಗೆ ಎಂದಾದರೂ ಇಟ್ಟುಕೊಳ್ಳಿ.

ಹಾಲು ಕರೆಯುವ ಹೊತ್ತು, ಹೊರಗೆ ಹೋಗುವ ಹೊತ್ತು

ಎದ್ದು ಏನಾದರೂ ಹೊಟ್ಟೆಗೆ ಬಿದ್ದ ಕೂಡಲೇ ದೊಡ್ಡಕರುಳು ಚಲಿಸತೊಡಗುತ್ತದೆ. ನಮ್ಮಲ್ಲಿ ಹೆಚ್ಚಿನವರಿಗೆ ಅದೇ ಹೊತ್ತಿಗೆ ಹಾಲು ಕರೆದು ಡೇರಿ ಮುಚ್ಚುವುದರೊಳಗೆ ಹಾಕಿ ಬರುವ ಅವಸರ. ಬಂದ ಒತ್ತಡವನ್ನು ತಡೆದರೆ ಮಲ ಒಳಗೇ ನಿಲ್ಲುತ್ತದೆ, ನಿಂತಷ್ಟೂ ಕರುಳು ಅದರ ನೀರನ್ನು ಹೀರುತ್ತದೆ. ದಿನಾ ತಡೆದರೆ ಕರುಳು ಕರೆಯುವುದನ್ನೇ ನಿಲ್ಲಿಸುತ್ತದೆ. ಹದಿನೈದು ನಿಮಿಷ ಬೇಗ ಎದ್ದು ಬಿಸಿನೀರು ಕುಡಿಯಿರಿ. ಇಲ್ಲವೇ ಡೇರಿಯಿಂದ ಬಂದು ತಿಂಡಿ ತಿಂದ ಮೇಲೆ, ದಿನಾ ಅದೇ ಹೊತ್ತಿಗೆ ಐದು ನಿಮಿಷ ಕೂರಿ. ತಿಣುಕಬೇಡಿ. ಕುರ್ಚಿಯಂಥ ಕಮೋಡ್ ಇದ್ದರೆ ಕಾಲ ಕೆಳಗೆ ಒಂದು ಮಣೆ ಇಟ್ಟುಕೊಳ್ಳಿ.

ಖಾಲಿ ಹೊಟ್ಟೆಗೆ ಎರಡು ಮೂರು ಸಲ ಕಾಫಿ ಕುಡಿದು ಹನ್ನೊಂದಕ್ಕೆ ಮೊದಲ ತುತ್ತು ತಿಂದರೆ ಎದೆಯುರಿ ಬಾರದೆ ಏನು? ಅದಕ್ಕಿಂತ ಕೆಟ್ಟದ್ದು ಮಂಡಿನೋವು, ಸೊಂಟನೋವಿಗೆ ಮೆಡಿಕಲ್ ಸ್ಟೋರಿನಿಂದ ಬಿಡಿಬಿಡಿಯಾಗಿ ತಂದು ನುಂಗುವ ನೋವಿನ ಮಾತ್ರೆ. ಇವು ಹೊಟ್ಟೆಯ ಒಳಪದರವನ್ನು ಕೊರೆದು ಹುಣ್ಣು ಮಾಡಿ ರಕ್ತ ಸುರಿಸಬಲ್ಲವು. ಆಗ ಮಲ ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ಕೆಟ್ಟ ನಾತದಿಂದ ಬರುತ್ತದೆ. ಐರನ್ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಅದು ಬೇರೆ. ಡಾಂಬರಿನಂಥದ್ದು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಮಾತು, ಒಕ್ಕೂಟದ ಪತ್ರಿಕೆಯಲ್ಲಿ ಬರೆಯಬಹುದೋ ಇಲ್ಲವೋ. ಕರೆದ ಹಾಲನ್ನೆಲ್ಲ ಡೇರಿಗೆ ಹಾಕಬೇಡಿ. ಹಾಲು, ಕ್ಯಾಲ್ಸಿಯಂ ಸಾಕಷ್ಟು ಸೇವಿಸುವವರಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಸ್ವಲ್ಪ ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಮನೆಯವರಿಗೆಲ್ಲ ಬಡಿಸಿ ಕೊನೆಗೆ ಪಾತ್ರೆ ತೊಳೆದ ನೀರಿನಂಥ ಟೀ ಕುಡಿಯುವ ಹಾಲಿನ ಒಡತಿಯರನ್ನು ನಾನು ದಿನಾ ನೋಡುತ್ತೇನೆ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಎನ್ನುವವರು ಮೊಸರು, ಮಜ್ಜಿಗೆ ತೆಗೆದುಕೊಳ್ಳಿ.

ಪಾಲಿಪ್ ಎಂದರೆ

ಕೆಲವು ಹಸುಗಳ ಮೊಲೆಯ ಮೇಲೆ, ಕೆಚ್ಚಲ ಮೇಲೆ ತೊಟ್ಟಿನಿಂದ ನೇತಾಡುವ ನರಹುಲಿ ನೋಡಿದ್ದೀರಲ್ಲ. ದೊಡ್ಡಕರುಳಿನ ಒಳಗೋಡೆಯಲ್ಲಿ ಹೆಚ್ಚುಕಡಿಮೆ ಹಾಗೆ ಕಾಣುವ ಬೆಳವಣಿಗೆಯೇ ಪಾಲಿಪ್. ಮೂಗಿನಲ್ಲಿ ಬೆಳೆದರೆ ದುರ್ಮಾಂಸ ಎನ್ನುತ್ತೇವೆ. ಕೆಲವಕ್ಕೆ ತೊಟ್ಟಿರುತ್ತದೆ, ಕೆಲವು ಗೋಡೆಗೇ ಅಂಟಿಕೊಂಡು ಚಪ್ಪಟೆಯಾಗಿರುತ್ತವೆ. ಹೆಚ್ಚಿನವು ಏನೂ ಕೇಡು ಮಾಡುವುದಿಲ್ಲ. ಆದರೆ ಅಡಿನೋಮ ಎಂಬ ಜಾತಿಯವುಗಳಲ್ಲಿ ಕೆಲವು ನಿಧಾನವಾಗಿ, ಸಾಮಾನ್ಯವಾಗಿ ಹತ್ತು ವರ್ಷದಷ್ಟು ಕಾಲ ತೆಗೆದುಕೊಂಡು, ಕ್ಯಾನ್ಸರ್ ಆಗುತ್ತವೆ. ಅಷ್ಟು ಕಾಲಾವಕಾಶ ಇರುವುದು ನಮ್ಮ ಪುಣ್ಯ. ಅದರೊಳಗೆ ಕಂಡು ತೆಗೆಸಿದರೆ ಆ ಗಂಟು ಕ್ಯಾನ್ಸರ್ ಆಗುವ ಪ್ರಶ್ನೆಯೇ ಬರುವುದಿಲ್ಲ.

ತೊಂದರೆಯೆಂದರೆ, ಪಾಲಿಪ್ ಬಹುಪಾಲು ನೋಯುವುದೇ ಇಲ್ಲ. ಕೆಲವೊಮ್ಮೆ ರಕ್ತ ಒಸರುತ್ತದೆ. ಆ ರಕ್ತವನ್ನು ನಾವು ಉಷ್ಣ ಎನ್ನುತ್ತೇವೆ, ಇಲ್ಲವೇ ಮೂಲವ್ಯಾಧಿ ಎಂದು ನಾವೇ ತೀರ್ಮಾನಿಸಿ, ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ "ಆಪರೇಷನ್ ಇಲ್ಲದೆ ಗುಣ" ಎಂದು ಅಂಟಿಸಿದ ಕಡೆಗೆ ಹೋಗುತ್ತೇವೆ. ನಿಜ, ರಕ್ತ ಬಂದವರಲ್ಲಿ ಹೆಚ್ಚಿನವರಿಗೆ ಇರುವುದು ಮೂಲವ್ಯಾಧಿ ಅಥವಾ ಗುದದ ಬಿರುಕು. ಆದರೆ ಒಬ್ಬರಿಗೇ ಎರಡೂ ಇರಬಹುದು. ಸಗಣಿಯಲ್ಲಿ ರಕ್ತ ಕಂಡ ಹಸುವಿಗೆ ನಾನು ದೂರದಲ್ಲಿ ನಿಂತು ರೋಗದ ಹೆಸರು ಹೇಳಿದರೆ ನೀವು ಒಪ್ಪುತ್ತೀರಾ?

ರಕ್ತ ಕಂಡರೆ, ಎಂದಿನ ಕ್ರಮ ಬದಲಾಗಿ ಮೂರು ವಾರವಾದರೂ ಸರಿಹೋಗದಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ನಾಚದೆ ಹೇಳಿ. ರಕ್ತ ಕಮ್ಮಿ ಎಂದು ಐರನ್ ಮಾತ್ರೆ ತಿನ್ನುತ್ತಲೇ ಇದ್ದು ಹಿಮೋಗ್ಲೋಬಿನ್ ಏರದಿದ್ದರೂ, ಅದರಲ್ಲೂ ಮುಟ್ಟು ನಿಂತ ಮೇಲೆ ರಕ್ತ ಕಮ್ಮಿಯಾದರೆ, ಅದು ಎಲ್ಲಿ ಸೋರುತ್ತಿದೆ ಎಂದು ಕೇಳಲೇಬೇಕು. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ದೊಡ್ಡಕರುಳಿನ ಕ್ಯಾನ್ಸರ್ ಬಂದಿದ್ದರೆ ಏನೂ ತೊಂದರೆ ಇಲ್ಲದಿದ್ದರೂ 40ಕ್ಕೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಕೊಲೊನೋಸ್ಕೋಪಿ ಎಂದರೆ ತುದಿಯಲ್ಲಿ ಕ್ಯಾಮೆರಾ ಇರುವ ಬಳುಕುವ ಕೊಳವೆಯನ್ನು ಗುದದ್ವಾರದಿಂದ ಒಳಗೆ ಬಿಟ್ಟು ನೋಡುವುದು. ಸಾಮಾನ್ಯವಾಗಿ ಮಂಪರು ಔಷಧಿ ಕೊಡುತ್ತಾರೆ. ಪಾಲಿಪ್ ಕಂಡರೆ ಹೆಚ್ಚಿನ ಸಲ ಅದೇ ಕೊಳವೆಯಿಂದ ತಂತಿಯ ಕುಣಿಕೆ ಹಾಕಿ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ, ಹೊಟ್ಟೆ ಕೊಯ್ಯುವುದಿಲ್ಲ. ತಮಾಷೆಯೆಂದರೆ, ಇಷ್ಟು ಹೊತ್ತು ನಾನು ಹೊಗಳಿದ ಸೊಪ್ಪು, ಕಾಳು, ಮುದ್ದೆಯನ್ನು ಪರೀಕ್ಷೆಗೆ ಮುಂಚಿನ ಒಂದೆರಡು ದಿನ ಬಿಡಬೇಕು. ಕರುಳು ತೊಳೆದಂತಿದ್ದರೆ ಮಾತ್ರ ಒಳಗೆ ಕಾಣುತ್ತದೆ. ಸಕ್ಕರೆ ಕಾಯಿಲೆಗೆ, ರಕ್ತ ತೆಳು ಮಾಡಲು ಮಾತ್ರೆ ತೆಗೆದುಕೊಳ್ಳುವವರು ಮೊದಲೇ ತಿಳಿಸಿ.

ಪಾಲಿಪ್ ತೆಗೆಸಿದ ಮೇಲೆ "ಇನ್ನು ನಾರಿನ ಊಟ ಮಾಡ್ತೀನಲ್ಲ, ಮತ್ತೆ ಯಾಕೆ ಆಸ್ಪತ್ರೆ" ಎನ್ನಬೇಡಿ. ಅಮೆರಿಕದಲ್ಲಿ ಪಾಲಿಪ್ ತೆಗೆಸಿಕೊಂಡ ಸುಮಾರು 2,000 ಜನರನ್ನು ನಾಲ್ಕು ವರ್ಷ ಗಮನಿಸಿದರು. ಅವರಲ್ಲಿ ಒಂದು ಗುಂಪಿಗೆ ಕೊಬ್ಬು ಕಡಿಮೆ, ನಾರು ಹೆಚ್ಚು ಇರುವ ಊಟ ರೂಢಿಸಿದ್ದರು. 2000ರಲ್ಲಿ ಫಲಿತಾಂಶ ಬಂದಾಗ ಎರಡು ಗುಂಪಿನಲ್ಲೂ ಪಾಲಿಪ್ ಮತ್ತೆ ಬಂದ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಹಾಗಾದರೆ ಊಟ ವ್ಯರ್ಥವೇ? ಅಲ್ಲ. ಜೀವಮಾನವಿಡೀ ನಾರು ಹೆಚ್ಚು ತಿನ್ನುವವರಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಕಡಿಮೆ. ಬೀಡಿ, ಸಿಗರೇಟು, ಹೆಂಡ ಬಿಟ್ಟರೂ ಅಪಾಯ ಕಡಿಮೆಯಾಗುತ್ತದೆ, ಇದನ್ನು ಮನೆಯ ಗಂಡಸರಿಗೂ ಓದಿ ಹೇಳಿ. ಆದರೆ ಮುಂದಿನ ಪರೀಕ್ಷೆಯ ಜಾಗದಲ್ಲಿ ಊಟ ನಿಲ್ಲುವುದಿಲ್ಲ. ತೆಗೆದ ಗಂಟಿನ ಬಯಾಪ್ಸಿ ವರದಿಯನ್ನು ಜೋಪಾನವಾಗಿಡಿ. ಮತ್ತೆ ಮೂರು ವರ್ಷಕ್ಕೋ ಐದು ವರ್ಷಕ್ಕೋ ಅದಕ್ಕಿಂತ ತಡವಾಗಿಯೋ ಬರಬೇಕೆಂದು ಡಾಕ್ಟರು ಅದನ್ನು ನೋಡಿಯೇ ಹೇಳುತ್ತಾರೆ.

ಖರ್ಚಿನ ಬಗ್ಗೆ: ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಶುರುವಾಗಿ, ನಡುವೆ ನಿಂತು, 2022ರಲ್ಲಿ ಮತ್ತೆ ಬಂದ ಯಶಸ್ವಿನಿ ಯೋಜನೆಯಲ್ಲಿ ನಿಮ್ಮ ಹೆಸರಿದೆಯೇ ಎಂದು ಸಂಘದ ಕಾರ್ಯದರ್ಶಿಯವರನ್ನು ಕೇಳಿ. ಪರೀಕ್ಷೆಯ ಖರ್ಚು ಬರುತ್ತದೆಯೇ, ಚಿಕಿತ್ಸೆಯದು ಮಾತ್ರವೇ ಎಂಬುದನ್ನು ಆಸ್ಪತ್ರೆಯಲ್ಲಿ ದಾಖಲಾಗುವ ಮೊದಲೇ ವಿಚಾರಿಸಿ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ನನಗೆ ಎಲ್ಲರೂ ಕೇಳುವುದೂ ಅದನ್ನೇ: "ಆ ದಿನ ಹಾಲು ಕರೆಯೋರು ಯಾರು?" ಪರೀಕ್ಷೆಯ ಹಿಂದಿನ ಸಂಜೆ ಭೇದಿಯ ಔಷಧಿ ಕುಡಿದು ಕೊಟ್ಟಿಗೆಯಲ್ಲಿ ಕೂರಲು ಆಗುವುದಿಲ್ಲ. ಪರೀಕ್ಷೆಯ ದಿನ ಮಂಪರು ಇರುತ್ತದೆ. ದೊಡ್ಡ ಪಾಲಿಪ್ ತೆಗೆದಿದ್ದರೆ ಕೆಲವು ದಿನ ಮೇವಿನ ಹೊರೆ, ಹಾಲಿನ ಕ್ಯಾನು ಎತ್ತಬೇಡಿ ಎನ್ನುತ್ತಾರೆ. ಎರಡು ವಾರದೊಳಗೆ ರಕ್ತ ಹೆಚ್ಚಾಗಿ ಹೋದರೆ ತಡಮಾಡದೆ ಅದೇ ಆಸ್ಪತ್ರೆಗೆ ಹೋಗಬೇಕು. ಆದ್ದರಿಂದ ದಿನ ಗೊತ್ತಾದ ಕೂಡಲೇ ಗಂಡನನ್ನೋ ಸೊಸೆಯನ್ನೋ ಪಕ್ಕದ ಮನೆಯವರನ್ನೋ ಗೊತ್ತುಮಾಡಿಕೊಳ್ಳಿ. ಒಬ್ಬರ ಕೈಗೆ ಒಗ್ಗಿದ ಹಸು ಬೇರೆಯವರಿಗೆ ಸೊರೆ ಬಿಡದೆ ಹಾಲು ತಡೆಹಿಡಿಯುತ್ತದೆ. ಒಂದು ವಾರ ಮೊದಲಿನಿಂದ ಅವರನ್ನು ನಿಮ್ಮ ಜೊತೆ ನಿಲ್ಲಿಸಿಕೊಂಡು ಹಿಂಡಿ ಇಡಿಸಿ, ಮೈ ಸವರಿಸಿ, ಕೆಚ್ಚಲು ತೊಳೆಸಿ. ಮೂರನೆಯ ದಿನದಿಂದ ಸಂಜೆ ಹೊತ್ತು ಅವರೇ ಕರೆಯಲಿ, ನೀವು ಪಕ್ಕದಲ್ಲಿ ನಿಂತಿರಿ. ಐದನೆಯ ದಿನಕ್ಕೆ ಕೊಟ್ಟಿಗೆಯಿಂದ ಹೊರಗೆ ಬನ್ನಿ. ಅಷ್ಟಾದರೂ ಹಸು ಹಾಲು ಬಿಡದಿದ್ದರೆ ನನಗೆ ಫೋನ್ ಮಾಡಿ.