ಹೊಲದ ಕೆಲಸದವರ ಹಿಮ್ಮಡದ ನೋವು

ಎತ್ತು ಒಂದು ಹೆಜ್ಜೆ ಕುಂಟಿದರೆ ಸಾಕು, ಅದರ ಒಡೆಯನು ಆ ದಿನವೇ ಗೊರಸನ್ನೆತ್ತಿ ನೋಡುತ್ತಾನೆ. ಮುಳ್ಳಿದ್ದರೆ ಕೀಳುತ್ತಾನೆ, ಲಾಳ ಸವೆದಿದ್ದರೆ ಹೊಸದನ್ನು ಕಟ್ಟಿಸುತ್ತಾನೆ, ಗುಣವಾಗುವವರೆಗೆ ಅದನ್ನು ನೊಗಕ್ಕೆ ಹೂಡುವುದಿಲ್ಲ. ಆದರೆ ಅದೇ ಹೊಲಕ್ಕೆ ಬರುವ ಆಳುಮಗನಾಗಲಿ ಕೂಲಿಯ ಹೆಣ್ಣುಮಗಳಾಗಲಿ ಬೆಳಿಗ್ಗೆ ಹಿಮ್ಮಡವನ್ನೂರಲಾರದೆ ಕುಂಟುತ್ತ ಬಂದರೆ ಅದನ್ನು ವಿಚಾರಿಸುವವರು ವಿರಳ. ಇದಕ್ಕೆ ನಿರ್ದಯತೆಯೇ ಕಾರಣವೆಂದು ನಾವು ಹೇಳಲಾರೆವು. ಈ ನೋವಿನ ಸ್ವಭಾವವೇ ನೋಡುವವರನ್ನು ಮೋಸಗೊಳಿಸುವಂಥದು.

ಅದು ಹೇಗೆಂದರೆ, ರಾತ್ರಿ ಮಲಗಿದ್ದಾಗ ಪಾದವು ಕೆಳಮುಖವಾಗಿ ಬಾಗಿರುತ್ತದೆ. ಅಂಗಾಲಿನೊಳಗಿನ ಪಟ್ಟಿಯು ಆ ಸ್ಥಿತಿಯಲ್ಲಿಯೇ ಬಿಗಿದುಕೊಂಡಿರುತ್ತದೆ. ಮುಂಜಾನೆ ಹಾಸಿಗೆಯಿಂದೆದ್ದು ಮೊದಲನೆಯ ಹೆಜ್ಜೆಯನ್ನಿಟ್ಟೊಡನೆ ಆ ಪಟ್ಟಿಯು ಒಮ್ಮೆಲೆ ಹಿಗ್ಗುವುದರಿಂದ ಹಿಮ್ಮಡದಲ್ಲಿ ಮೊಳೆ ಹೊಡೆದಂತಹ ನೋವುಂಟಾಗುತ್ತದೆ. ಹತ್ತಿಪ್ಪತ್ತು ಹೆಜ್ಜೆ ನಡೆದ ಮೇಲೆ ಅದು ಸಡಿಲಾಗಿ ನೋವು ತಗ್ಗುತ್ತದೆ. ಊಟಕ್ಕೆ ಕುಳಿತು ಎದ್ದಾಗ ಮತ್ತೆ ಅದೇ ಕಥೆ. ಸಂಜೆಗೆ, ದಿನವಿಡೀ ನಿಂತ ಫಲವಾಗಿ, ಹಿಮ್ಮಡವು ಭಾರವಾಗಿ ಸಿಡಿಯತೊಡಗುತ್ತದೆ. ಜಮೀನುದಾರರು ಹೊಲಕ್ಕೆ ಬರುವ ಹೊತ್ತಿಗೆ ಆಳು ಸರಾಗವಾಗಿ ಓಡಾಡುತ್ತಿರುವುದನ್ನೇ ಕಾಣುತ್ತಾರೆ. ಮುಂಜಾನೆಯ ಕುಂಟುವಿಕೆಯನ್ನು ಸೋಮಾರಿತನದ ನೆವವೆಂದು ಬಗೆಯುತ್ತಾರೆ. ವಾಸ್ತವವಾಗಿ, ಮೊದಲ ಹೆಜ್ಜೆಗೆ ತೀವ್ರವಾಗಿದ್ದು ನಡೆದಂತೆ ತಗ್ಗುವ ನೋವೇ ಈ ಕಾಯಿಲೆಯ ಪ್ರಧಾನ ಲಕ್ಷಣವೆಂದು ವೈದ್ಯರು ಎಣಿಸುತ್ತಾರೆ. ಯಾವುದನ್ನು ಸುಳ್ಳಿಗೆ ಸಾಕ್ಷಿಯೆಂದು ತಿಳಿಯಲಾಯಿತೋ ಅದೇ ನಿಜಕ್ಕೆ ಸಾಕ್ಷಿ.

ಈ ಕಾಯಿಲೆಗೆ ವೈದ್ಯಶಾಸ್ತ್ರದಲ್ಲಿ ಪ್ಲಾಂಟರ್ ಫ್ಯಾಸಿಯೈಟಿಸ್ ಎಂಬ ಹೆಸರಿದೆ. ಹಿಮ್ಮಡದ ಎಲುಬಿನ ತಳದಿಂದ ಹೊರಟು ಬೆರಳುಗಳ ಬುಡದವರೆಗೆ ಹಬ್ಬಿರುವ ಗಟ್ಟಿಯಾದ ಪಟ್ಟಿಯೊಂದು ಅಂಗಾಲಿನಲ್ಲಿದೆ. ಪಾದದ ಕಮಾನು ಬಿಲ್ಲಾದರೆ ಈ ಪಟ್ಟಿಯು ಅದರ ಹೆದೆ. ನಡೆಯುವಾಗ ಬೆರಳುಗಳು ಮೇಲಕ್ಕೆ ಮಡಿದೊಡನೆ ರಾಟೆಗೆ ಸುತ್ತಿದ ಹಗ್ಗದಂತೆ ಅದು ಬಿಗಿಯಾಗಿ ಕಮಾನನ್ನು ಎತ್ತಿ ಹಿಡಿಯುತ್ತದೆ. ಈ ರಾಟೆಯ ಕ್ರಮವನ್ನು ಹಿಕ್ಸ್ ಎಂಬ ವೈದ್ಯನು 1954ರಲ್ಲಿ ವಿವರಿಸಿದನು. ಹಗ್ಗವು ನಡುವೆ ಗಟ್ಟಿಯಾಗಿದ್ದರೂ ಕಟ್ಟಿದ ಜಾಗದಲ್ಲಿ ಎಳೆ ಬಿಚ್ಚುವುದನ್ನು ಒಕ್ಕಲಿಗರೆಲ್ಲರೂ ಕಂಡಿದ್ದಾರೆ. ಅದರಂತೆಯೇ ಈ ಪಟ್ಟಿಯು ಹಿಮ್ಮಡದೆಲುಬಿಗೆ ಅಂಟಿಕೊಂಡ ಒಳಬದಿಯಲ್ಲಿ ಸವೆಯುತ್ತದೆ. ಹತ್ತು ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಇದು ಬರುತ್ತದೆಂದು ಅಂದಾಜು. 40ರಿಂದ 60 ವರ್ಷದ ನಡುವೆ ಹೆಚ್ಚು. ಬಹುಕಾಲ ನಿಂತು ದುಡಿಯುವವರಿಗೂ, ಮೈಭಾರ ಹೆಚ್ಚಾದವರಿಗೂ, ಮೀನಖಂಡದ ಸ್ನಾಯು ಬಿಗಿಯಾಗಿ ಪಾದವು ಮೇಲಕ್ಕೆ ಸರಿಯಾಗಿ ಮಡಿಯದವರಿಗೂ ಇದರ ಬಾಧೆ ಅಧಿಕ. ಈ ಎರಡನೆಯ ಕಾರಣದಿಂದ, ಹೊಲಕ್ಕಿಳಿಯದ ಕೆಲವು ಜಮೀನುದಾರರೂ ಕಟ್ಟೆಯಿಂದೇಳುವಾಗ ಗೋಡೆಯನ್ನು ಹಿಡಿಯುವುದುಂಟು.

ಇದನ್ನು ಬಾವು ಎಂದು ಬಹುಕಾಲ ನಂಬಲಾಗಿತ್ತು. 2003ರಲ್ಲಿ ಅಮೆರಿಕದ ವೈದ್ಯರು ಶಸ್ತ್ರಚಿಕಿತ್ಸೆಯಾದ 50 ಮಂದಿಯ ಪಟ್ಟಿಯ ತುಣುಕುಗಳನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿದಾಗ ಬಾವಿನ ಬದಲಾಗಿ ಎಳೆಗಳ ಸವಕಳಿಯನ್ನೇ ಕಂಡರು. ಇದು ಪಂಡಿತರ ವಾದವೆಂದು ತಳ್ಳಿಹಾಕತಕ್ಕದ್ದಲ್ಲ. ಚಿಕಿತ್ಸೆಯೆಲ್ಲ ಇದರ ಮೇಲೆಯೇ ನಿಂತಿದೆ. ಬಾವಾಗಿದ್ದರೆ ಗುಳಿಗೆಯಿಂದ ಇಳಿಯುತ್ತಿತ್ತು. ಸವಕಳಿಯಾದುದರಿಂದ ಎಳೆಗಳನ್ನು ಮೆಲ್ಲಗೆ ಮತ್ತೆ ಬಲಪಡಿಸಬೇಕು. ಅದಕ್ಕೆ ತಿಂಗಳುಗಳು ಬೇಕು. ಎಕ್ಸ್-ರೇ ಚಿತ್ರದಲ್ಲಿ ಕಾಣುವ ಎಲುಬಿನ ಮುಳ್ಳಿನ ವಿಷಯವಾಗಿಯೂ ಒಂದು ಮಾತು. ನೋವೇ ಇಲ್ಲದ ಅನೇಕರ ಹಿಮ್ಮಡದಲ್ಲಿಯೂ ಅಂಥ ಮುಳ್ಳು ಇರುತ್ತದೆ. ಅದನ್ನು ಕಂಡು ಗಾಬರಿಯಾಗಿ, ಕೊಯ್ಯಿಸಿಕೊಳ್ಳುವುದಕ್ಕಾಗಿ ಹೊಲವನ್ನು ಒತ್ತೆಯಿಡುವ ಅವಶ್ಯಕತೆಯಿಲ್ಲ.

ನಮ್ಮ ಸೀಮೆಯಲ್ಲಿ ಇದಕ್ಕೆ ಅನುಕೂಲವಾದ ಸಂಗತಿಗಳು ಹಲವಿವೆ. ತಿಕೋಟಾ ಭಾಗದ ದ್ರಾಕ್ಷಿ ತೋಟಗಳಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್ ಚಾಟ್ನಿಯ ಕಾಲಕ್ಕೆ, ತರುವಾಯ ಗೊನೆಯ ಕಾಳು ಬಿಡಿಸುವ ಕಾಲಕ್ಕೆ, ಕೆಲಸದವರು ತಲೆಯನ್ನೂ ಕೈಗಳನ್ನೂ ಮೇಲೆತ್ತಿ ಚಪ್ಪರದ ಕೆಳಗೆ ದಿನಗಟ್ಟಲೆ ನಿಲ್ಲುತ್ತಾರೆ. ಗಿಡ್ಡಾದವರು ತುದಿಗಾಲಿನಲ್ಲಿ ನಿಂತು ಮುಟ್ಟುತ್ತಾರೆ. ಕೆಲಸವು ವಾರಗಳೊಳಗೆ ಮುಗಿಯಬೇಕಾದ್ದರಿಂದ, ಅದುವರೆಗೆ ವಿಶ್ರಾಂತಿಯಲ್ಲಿದ್ದ ಪಾದಗಳ ಮೇಲೆ ಭಾರವು ಒಮ್ಮೆಲೆ ಬೀಳುತ್ತದೆ. ಬಬಲೇಶ್ವರದ ಕಡೆಯ, ಡೋಣಿ ದಂಡೆಯ ಎರೆಯ ತೊಂದರೆ ಬೇರೆ ತೆರನಾದುದು: ಹಸಿಯಿದ್ದಾಗ ಮಣ್ಣು ಕಾಲ್ಮರಿಗೆ ಮೆತ್ತಿಕೊಳ್ಳುವುದರಿಂದ ಜನರು ಬರಿಗಾಲಿನಲ್ಲಿ ನಡೆಯುತ್ತಾರೆ, ಒಣಗಿದಾಗ ಅದೇ ನೆಲ ಇಟ್ಟಿಗೆಯಂತಾಗಿ ಬಿರಿಯುತ್ತದೆ. ವಿಜಯಪುರ ನಗರದಲ್ಲಿ ಚೀಲ ಹೊರುವ ಹಮಾಲರನ್ನೂ, ಕಲ್ಲುಹಾಸಿನ ಮೇಲೆ ನಿಂತು ಅಡಿಗೆ ಮಾಡುವ ಗೃಹಿಣಿಯರನ್ನೂ ಇದು ಬಿಟ್ಟಿಲ್ಲ.

ಶ್ರೀಶೈಲದ ಪಾದಯಾತ್ರೆಯನ್ನು ಇಲ್ಲಿ ಹೇಳದಿದ್ದರೆ ವಿಷಯ ಅಪೂರ್ಣವಾದೀತು. ಯುಗಾದಿಗೆ ಮಲ್ಲಿಕಾರ್ಜುನನ ದರ್ಶನಕ್ಕೆಂದು ನಮ್ಮ ಜಿಲ್ಲೆಯಿಂದ ಭಕ್ತರು ಸುಮಾರು 400 ಕಿಲೋಮೀಟರು ನಡೆಯುತ್ತಾರೆ. ಹಲವರು ಬರಿಗಾಲಿನಲ್ಲಿ, ಬಿಸಿಲಿಗೆ ಕಾದ ಡಾಂಬರಿನ ಮೇಲೆ ನಡೆದು, ಕಡೆಗೆ ನಲ್ಲಮಲೆಯ ಅಡವಿಯಲ್ಲಿ ಭೀಮನ ಕೊಳ್ಳವನ್ನು ಏರಿ ಇಳಿಯುತ್ತಾರೆ. ದಾರಿಯ ಊರುಗಳವರು ಯಾತ್ರಿಕರ ಕಾಲಿಗೆ ಎಣ್ಣೆ ತಿಕ್ಕಿ ಸೇವೆ ಮಾಡುವುದು ಬಹು ಸ್ತುತ್ಯವಾದ ಪದ್ಧತಿ. ಆದರೆ ವರ್ಷವಿಡೀ ಗಾಡಿಯ ಮೇಲೆ ತಿರುಗಿದವನು ಒಮ್ಮೆಲೆ ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರು ನಡೆದರೆ ಪಟ್ಟಿಯು ತಡೆಯುವುದು ಕಷ್ಟ. ಹೋರಿಯನ್ನು ಮೊದಲ ದಿನವೇ ಎರೆಯ ನೇಗಿಲಿಗೆ ಯಾರೂ ಹೂಡುವುದಿಲ್ಲ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಮುಗಿದ ಮರುವಾರದಿಂದ ಅಲ್ಪ ಅಲ್ಪವಾಗಿ ನಡಿಗೆಯನ್ನು ಹೆಚ್ಚಿಸುತ್ತ ಬಂದರೆ ಯುಗಾದಿಗೆ ಮುಂಚೆ ಎಂಟು ವಾರದ ಅಭ್ಯಾಸವಾಗುತ್ತದೆ.

ಇನ್ನು ಪರಿಹಾರ. ಎಲ್ಲಕ್ಕಿಂತ ಮೊದಲನೆಯದಕ್ಕೆ ಒಂದು ಕಾಸೂ ಬೇಡ. ಹಾಸಿಗೆಯಿಂದ ಕೆಳಗೆ ಕಾಲಿಡುವ ಮುನ್ನವೇ ಕುಳಿತು, ನೋವಿನ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟುಕೊಂಡು, ಬೆರಳುಗಳನ್ನು ಕೈಯಿಂದ ಹಿಡಿದು ಮೊಣಕಾಲಿನ ಕಡೆಗೆ ಎಳೆಯಬೇಕು. ಅಂಗಾಲಿನ ಪಟ್ಟಿಯು ತಂತಿಯಂತೆ ಬಿಗಿದುದು ಇನ್ನೊಂದು ಕೈಗೆ ತಿಳಿಯಬೇಕು. ಹತ್ತು ಎಣಿಸುವವರೆಗೆ ಹಿಡಿದು ಬಿಡತಕ್ಕದ್ದು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. 2003ರಲ್ಲಿ ಅಮೆರಿಕದಲ್ಲಿ ಎಂಟು ವಾರ ನಡೆದ ಪರೀಕ್ಷೆಯಲ್ಲಿ, ಬರಿಯ ಮೀನಖಂಡವನ್ನು ಹಿಗ್ಗಿಸಿದವರಿಗಿಂತ ಹೀಗೆ ಮಾಡಿದವರಿಗೆ ಹೆಚ್ಚು ಗುಣ ಕಂಡಿತು. ಎರಡನೆಯದು ಬಲ ತುಂಬುವ ಸಾಧನೆ. ಮೆಟ್ಟಿಲಿನ ಅಂಚಿನಲ್ಲಿ ನಿಂತು, ಹೆಗಲ ಮೇಲಿನ ವಲ್ಲಿಯನ್ನು ಸುರುಳಿ ಸುತ್ತಿ ಬೆರಳುಗಳ ಕೆಳಗಿಟ್ಟು, ಮೂರು ಎಣಿಕೆಗೆ ಹಿಮ್ಮಡವನ್ನೆತ್ತಿ, ಎರಡು ಎಣಿಕೆ ನಿಂತು, ಮೂರು ಎಣಿಕೆಗೆ ಇಳಿಸಬೇಕು. ಹನ್ನೆರಡು ಸಲಕ್ಕೆ ಒಂದು ಸರದಿಯಂತೆ ಮೂರು ಸರದಿ, ದಿನ ಬಿಟ್ಟು ದಿನ. ಡೆನ್ಮಾರ್ಕಿನ ವೈದ್ಯರು 2015ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಇದನ್ನು ಮಾಡಿದವರು ಮೂರು ತಿಂಗಳಿಗೆ ಇತರರಿಗಿಂತ ಮುಂದಿದ್ದರು. ವರ್ಷ ತುಂಬುವಾಗ ಎರಡೂ ಗುಂಪಿನವರು ಹೆಚ್ಚುಕಡಿಮೆ ಸಮನಾದರು. ಅಂದರೆ ಕಾಲಾಂತರದಲ್ಲಿ ಬಹುಮಂದಿಗೆ ಗುಣವಾಗುತ್ತದೆ, ಸಾಧನೆಯಿಂದ ಬೇಗ ಗುಣವಾಗುತ್ತದೆ. ಕೂಲಿಯ ಮೇಲೆ ಬದುಕುವವರಿಗೆ ಆ ಬೇಗವೇ ಒಂದು ಸುಗ್ಗಿಯ ಗಳಿಕೆ.

ಕಾಲ್ಮರಿಯ ಅಟ್ಟೆ ತೆಳುವಾಗಿ ಚಪ್ಪಟೆಯಾಗಿರಬಾರದು. 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕೊಲ್ಹಾಪುರಿ ಚಪ್ಪಲಿಯ ತಯಾರಿಕೆಯ ಪ್ರದೇಶದಲ್ಲಿ ನಮ್ಮ ಜಿಲ್ಲೆಯೂ ಸೇರಿರುವುದು ಹೆಮ್ಮೆಯ ಸಂಗತಿಯೇ; ಆದರೆ ಹಿಮ್ಮಡ ನೋಯುವವರು ಅದರೊಳಗೆ ಅರ್ಧ ಅಂಗುಲ ದಪ್ಪದ ಮೆತ್ತನೆಯ ರಬ್ಬರಿನ ತುಂಡನ್ನು ಹಿಮ್ಮಡದ ಕೆಳಗೆ ಹೊಲಿಸಿಕೊಳ್ಳುವುದು ಲೇಸು. ಮನೆಯ ಕಲ್ಲುಹಾಸಿನ ಮೇಲೆಯೂ ಬರಿಗಾಲಿನಲ್ಲಿ ನಿಲ್ಲದಿರುವುದು ಉತ್ತಮ.

ಕಾದ ಇಟ್ಟಿಗೆಯ ಮೇಲೆ ಎಕ್ಕೆಯ ಎಲೆಯಿಟ್ಟು ಹಿಮ್ಮಡವನ್ನೊತ್ತುವ ಮನೆಮದ್ದು ಎಲ್ಲೆಡೆಯೂ ರೂಢಿಯಲ್ಲಿದೆ. ಹಿತವಾದ ಶಾಖವು ಸ್ವಲ್ಪ ಹೊತ್ತು ಸುಖ ಕೊಡುವುದು ನಿಜ. ಆದರೆ ಸಕ್ಕರೆ ಕಾಯಿಲೆಯವರ ಅಂಗಾಲಿಗೆ ಸ್ಪರ್ಶಜ್ಞಾನ ಕಡಿಮೆಯಾಗಿರುವುದರಿಂದ ಅವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ. ಆ ಗಾಯವು ಕೊಳೆತು ಕಾಲನ್ನೇ ಕಳೆಯಬಹುದು. ಅವರು ಇದನ್ನು ಸರ್ವಥಾ ಮಾಡತಕ್ಕದ್ದಲ್ಲ. ಸ್ಟೆರಾಯ್ಡ್ ಸೂಜಿಮದ್ದಿನ ಸುಖವೂ ಸಾಮಾನ್ಯವಾಗಿ ಕೆಲವು ವಾರಗಳದು. ಪದೇ ಪದೇ ಚುಚ್ಚಿಸಿದರೆ ಪಟ್ಟಿಯು ಹರಿಯುವ, ಹಿಮ್ಮಡದ ಮೆತ್ತನೆಯ ಕೊಬ್ಬು ಕರಗುವ ಭಯವುಂಟು.

ಜಮೀನುದಾರರ ಕೈಯಲ್ಲಿರುವುದು ಕೆಲಸದ ಹಂಚಿಕೆ. ಚಾಟ್ನಿಯ ದಿನಗಳಲ್ಲಿ ಹಿಮ್ಮಡ ನೋಯುವವರಿಗೆ ಅರ್ಧ ದಿನ ನಿಂತು ಮಾಡುವ, ಅರ್ಧ ದಿನ ಕುಳಿತು ಮಾಡುವ ಕೆಲಸವನ್ನು ಕೊಡಬಹುದು. ಗಿಡ್ಡಾದವರಿಗೆ ಅಗಲವಾದ ಮಣೆಯೊಂದನ್ನು ಇಟ್ಟರೆ ತುದಿಗಾಲು ತಪ್ಪುತ್ತದೆ. ಸುಗ್ಗಿಯ ಮೊದಲ ವಾರದಲ್ಲಿಯೇ ಪೂರ್ಣ ದಿನದ ದುಡಿತವನ್ನು ಹೇರದೆ ಮೆಲ್ಲಗೆ ಏರಿಸಬಹುದು. ಕುಂಟಿದವನ ಕೂಲಿಯನ್ನು ಮುರಿದರೆ ಅವನು ನೋವನ್ನು ಬಚ್ಚಿಡುತ್ತಾನೆ. ಬಚ್ಚಿಟ್ಟ ನೋವು ಸುಗ್ಗಿಯ ನಟ್ಟನಡುವೆ ಅವನನ್ನು ಮಲಗಿಸುತ್ತದೆ, ಆಗ ನಷ್ಟವು ಇಬ್ಬರದೂ.

ಹಿಮ್ಮಡದ ನೋವೆಲ್ಲವೂ ಇದೇ ಎಂದು ತಿಳಿಯಲಾಗದು. ಜಾಲಿಮುಳ್ಳಿನ ತುದಿ ಒಳಗೆ ಮುರಿದು ಉಳಿದರೆ ಒಂದೇ ಚುಕ್ಕೆಯಲ್ಲಿ ನೋವು, ಕೀವು ಕಾಣುತ್ತದೆ. ಮುಳ್ಳು ಚುಚ್ಚಿದ ಪಾದವು ತಿಂಗಳುಗಟ್ಟಲೆ ನೋವಿಲ್ಲದೆ ಬಾತು, ತೂತುಗಳಿಂದ ಕಾಳಿನಂತಹ ಕಣಗಳು ಹೊರಬಂದರೆ ಅದು ಮದುರಾ ಪಾದವೆಂಬ ಕಾಯಿಲೆಯಿರಬಹುದು. ಬರಿಗಾಲಿನ ಒಕ್ಕಲಿಗರಿಗೆ ಬರುವ ಇದನ್ನು ತಡಮಾಡಿದರೆ ಎಲುಬನ್ನೂ ತಿನ್ನುತ್ತದೆ. ತರುಣರಿಗೆ ಎರಡೂ ಹಿಮ್ಮಡಗಳು ನೊಂದು, ಮುಂಜಾನೆ ಸೊಂಟವೂ ಬಹಳ ಹೊತ್ತು ಬಿಗಿದಿದ್ದರೆ ಅದು ಕೀಲುವಾತದ ಸೂಚನೆಯಾಗಬಹುದು. ಮಲಗಿದ್ದಾಗಲೂ ಬಿಡದ ನೋವು, ಜ್ವರ, ಪಾದದ ಜೋಮು, ಇಲ್ಲವೆ ನಡೆಯುವಾಗ ಫಟ್ಟನೆ ಹರಿದಂತಾಗಿ ಕಾಲೂರಲಾಗದಿರುವುದು ಇವುಗಳಲ್ಲಿ ಒಂದು ಕಂಡರೂ ಮೇಲಿನ ಸಾಧನೆಗಳನ್ನು ನಿಲ್ಲಿಸಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಅಲ್ಲಿಂದ ವಿಜಯಪುರದ ಜಿಲ್ಲಾ ಆಸ್ಪತ್ರೆಗೂ ಕಳುಹಿಸಿಕೊಡತಕ್ಕದ್ದು. ಹೋಗುವಾಗ ಮುಳ್ಳು ಚುಚ್ಚಿದ್ದುಂಟೇ, ಸಕ್ಕರೆ ಕಾಯಿಲೆಯುಂಟೇ, ನೋವು ಮುಂಜಾನೆ ಹೆಚ್ಚೋ ರಾತ್ರಿ ಹೆಚ್ಚೋ ಎಂಬ ಮೂರು ಸಂಗತಿಗಳನ್ನು ವೈದ್ಯರಿಗೆ ತಪ್ಪದೆ ತಿಳಿಸುವಂತೆ ಹೇಳಿ ಕಳುಹಿಸಬೇಕು.